ದ್ರಾಕ್ಷಿ ತೋಟದ ಲೆಕ್ಕದ ಪುಸ್ತಕದಲ್ಲಿ ಯಾರಿದ್ದರು? (8 ಭಾಗಗಳ ಸರಣಿ)

1/8
ಮೊದಲ ಫೋಟೋದಲ್ಲಿರೋ ಬಿಳಿ ಕಟ್ಟಡ ನೋಡಿ. ಮದುವೆ ಹಾಲ್ ಥರ ಇದೆ ಅಲ್ವಾ? ಇದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರದ ಗ್ರೂಟ್ ಕಾನ್‌ಸ್ಟಾನ್ಷಿಯಾ ಅನ್ನೋ ತೋಟದ ಹಳೇ ವೈನ್ ಮನೆ. ಕಟ್ಟಿದ್ದು 1791ರಲ್ಲಿ.
(ಅಮ್ಮ, ನೀನೂ ಈ ಅಕೌಂಟ್ ಫಾಲೋ ಮಾಡ್ತೀಯ ಅಂತ ಗೊತ್ತು. ಇದು ವೈನ್ ಪ್ರಚಾರ ಅಲ್ಲ, ಇತಿಹಾಸ. ಪೂರ್ತಿ ಓದು.)
ಮೊನ್ನೆ ಕ್ಲಾಸಲ್ಲಿ ಸ್ಥಿರಾಸ್ತಿ ಪಾಠ ಆಯ್ತಲ್ಲ? ಜಮೀನು, ಕಟ್ಟಡ, ಯಂತ್ರ, ಜಾನುವಾರು. ಈ ತೋಟದ ಕಾಲದಲ್ಲಿ ಆ ಪಟ್ಟಿಗೆ ಇನ್ನೊಂದು ಐಟಂ ಸೇರ್ತಿತ್ತು: ಮನುಷ್ಯರು. ಅವರಲ್ಲಿ ಎಷ್ಟೋ ಜನ ಭಾರತದವರು.

2/8
ಶುರುವಿನಿಂದ ಬರೋಣ. ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್‌ನಲ್ಲಿ ನೆಲೆ ಹಾಕಿತು. ಏಷ್ಯಾಕ್ಕೆ ಹೋಗಿಬರೋ ಹಡಗುಗಳಿಗೆ ನೀರು, ತರಕಾರಿ, ಮಾಂಸ ಸಿಗೋ ಜಾಗ. ಈಗಿನ ಹೈವೇ ಡಾಬಾ ಅಂದ್ಕೊಳ್ಳಿ. ಅಲ್ಲಿ ಮೊದಲ ಬಾರಿ ದ್ರಾಕ್ಷಿ ಹಿಂಡಿದ್ದು 1659ರ ಫೆಬ್ರವರಿಯಲ್ಲಿ.
1679ರಲ್ಲಿ ಸೈಮನ್ ವಾನ್ ಡೆರ್ ಸ್ಟೆಲ್ ಕಮಾಂಡರ್ ಆಗಿ ಬಂದ. 1685ರಲ್ಲಿ ಅವನಿಗೆ ಬೆಟ್ಟದ ಬುಡದಲ್ಲಿ 750 ಹೆಕ್ಟೇರಿಗೂ ಹೆಚ್ಚು ಜಮೀನು ಸಿಕ್ಕಿತು. ಕೊಟ್ಟವನು ಕಂಪನಿಯ ಕಮಿಷನರ್ ವಾನ್ ರೀಡ್. ಹೆಸರು ಕೇಳಿದ ಹಾಗಿದ್ಯಾ? ಕೊಚ್ಚಿಯಲ್ಲಿ ಡಚ್ ಕಮಾಂಡರ್ ಆಗಿದ್ದು, ನಮ್ಮ ಪಶ್ಚಿಮ ಕರಾವಳಿಯ ಗಿಡಮೂಲಿಕೆಗಳ ಬಗ್ಗೆ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' ಮಾಡಿಸಿದವನು ಇವನೇ. ಆ ಪುಸ್ತಕಕ್ಕೆ ನೆರವಾದವರಲ್ಲಿ ಕೊಂಕಣಿ ಮಾತಾಡೋ ಮೂವರು ವೈದ್ಯರೂ ಇದ್ದರು.
ಇನ್ನೊಂದು ವಿಷಯ. ವಾನ್ ಡೆರ್ ಸ್ಟೆಲ್‌ನ ತಾಯಿಯ ತಾಯಿ ಭಾರತದ ಕರಾವಳಿಯವಳು, ದಾಸ್ಯದಿಂದ ಬಿಡುಗಡೆಯಾದವಳು ಅಂತ ಇತಿಹಾಸಕಾರರು ಹೇಳುತ್ತಾರೆ. ಅವಳ ಮೊಮ್ಮಗನ ತೋಟದಲ್ಲಿ ದುಡಿದವರೂ ಗುಲಾಮರೇ.

3/8
ತೋಟ ಅಲ್ಲೇ ಯಾಕೆ? ಕಾರಣ ಸಮುದ್ರ. ಇಳಿಜಾರು ಫಾಲ್ಸ್ ಬೇ ಅನ್ನೋ ಕೊಲ್ಲಿಯ ಕಡೆ ಮುಖ ಮಾಡಿದೆ. ಬೇಸಿಗೆಯಲ್ಲಿ ಅಲ್ಲಿಂದ ತಣ್ಣನೆ ಗಾಳಿ ಬೀಸುತ್ತೆ. ಹಣ್ಣು ಬಿಸಿಲಲ್ಲಿ ಬೇಯದೆ ನಿಧಾನಕ್ಕೆ ಮಾಗುತ್ತೆ, ಪರಿಮಳ ಉಳಿಯುತ್ತೆ.
ಇಲ್ಲಿನ ಸಿಹಿ ವೈನ್‌ಗೆ ಮುಖ್ಯವಾಗಿ ಮಸ್ಕಟ್ ಜಾತಿಯ ದ್ರಾಕ್ಷಿ. ಮಾಗಿದ ತಕ್ಷಣ ಕೀಳಲ್ಲ. ಬಳ್ಳಿಯಲ್ಲೇ ಅರ್ಧ ಒಣದ್ರಾಕ್ಷಿ ಆಗೋವರೆಗೆ ಬಿಡ್ತಾರೆ. ನೀರು ಆವಿಯಾಗಿ ಸಕ್ಕರೆ ದಟ್ಟ ಆಗುತ್ತೆ. ಆದರೆ ಒಣಗಿದ ಹಣ್ಣಿಂದ ರಸ ಬರೋದು ಕಡಿಮೆ, ಆರಿಸಿ ಕೀಳೋ ಕೆಲಸ ಜಾಸ್ತಿ. ಕಾಸ್ಟಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ಬಾಟಲಿಗೆ ಕೂಲಿ ವೆಚ್ಚ ತುಂಬಾ ದೊಡ್ಡದು. ಆ ವೆಚ್ಚ ಕಮ್ಮಿ ಆಗಿದ್ದು ಹೇಗೆ ಅಂತ ಮುಂದಿನ ಭಾಗ ಹೇಳುತ್ತೆ.

4/8
1652ರಿಂದ 1808ರ ನಡುವೆ ಸುಮಾರು 63,000 ಜನರನ್ನ ಗುಲಾಮರಾಗಿ ಕೇಪ್‌ಗೆ ತಂದರು. ಮಡಗಾಸ್ಕರ್, ಪೂರ್ವ ಆಫ್ರಿಕಾ, ಇಂಡೋನೇಷ್ಯಾ, ಭಾರತದಿಂದ. ಭಾರತ ಉಪಖಂಡದವರು ಹೆಚ್ಚುಕಮ್ಮಿ ಕಾಲು ಭಾಗ.
ಅವರ ಸ್ವಂತ ಹೆಸರುಗಳು ದಡದಲ್ಲೇ ಕಳೆದುಹೋದವು. ದಾಖಲೆಗಳಲ್ಲಿ ಸಿಗೋದು 'ಬಂಗಾಳದ ಆಂಜೆಲಾ', 'ಮಲಬಾರಿನ ಕ್ಯಾಥರಿನಾ' ಥರದ ಹೆಸರುಗಳು. ಎಷ್ಟೋ ಜನರಿಗೆ ತಿಂಗಳ ಹೆಸರನ್ನೇ ಇಟ್ಟರು. ಇವತ್ತಿಗೂ ಕೇಪ್‌ಟೌನ್‌ನಲ್ಲಿ ಸೆಪ್ಟೆಂಬರ್, ಫೆಬ್ರವರಿ ಅನ್ನೋ ಅಡ್ಡಹೆಸರಿನ ಕುಟುಂಬಗಳಿವೆ.
ನಾನು ಕುಂದಾಪುರ ಕಡೆಯವಳು. ಪಕ್ಕದ ಬಸರೂರಿನಲ್ಲೂ ಆ ಕಾಲದಲ್ಲಿ ಇದೇ ಡಚ್ ಕಂಪನಿ ಅಕ್ಕಿ ವ್ಯಾಪಾರ ಮಾಡ್ತಿತ್ತು. ಅಕ್ಕಿ ಒಂದು ಪುಟ, ಮನುಷ್ಯರು ಇನ್ನೊಂದು ಪುಟ, ಕಂಪನಿ ಒಂದೇ.

5/8
1778ರಲ್ಲಿ ಹೆಂಡ್ರಿಕ್ ಕ್ಲೂಟೆ ಈ ತೋಟ ಕೊಂಡ. ಹೊಸ ಬಳ್ಳಿ ನೆಡಿಸಿದ, ಫೋಟೋದ ಆ ವೈನ್ ಮನೆ ಕಟ್ಟಿಸಿದ. ಕಾನ್‌ಸ್ಟಾನ್ಷಿಯಾ ಹೆಸರು ಯುರೋಪಿನ ಅರಮನೆಗಳಿಗೆ ಮುಟ್ಟಿದ್ದು ಇವನ ಕಾಲದಲ್ಲಿ.
ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಿದ್ದ ನೆಪೋಲಿಯನ್‌ಗೂ ಈ ವೈನ್ ಹೋಗ್ತಿತ್ತು. 1811ರ ಜೇನ್ ಆಸ್ಟೆನ್ ಕಾದಂಬರಿಯೊಂದರಲ್ಲಿ ಪ್ರೀತಿ ಮುರಿದ ಹುಡುಗಿಗೆ ಔಷಧಿ ಥರ ಇದನ್ನ ತರ್ತಾರೆ.
ಕುಡಿದವರ ಹೆಸರು ಗೊತ್ತು. ಮಾಲೀಕನ ಹೆಸರು ಗೊತ್ತು. 'ವೈನ್ ಮೇಕರ್' ಅಂತ ಪುಸ್ತಕಗಳು ಕರೆಯೋದೂ ಮಾಲೀಕನನ್ನೇ. ಹಣ್ಣು ಕಿತ್ತವರು, ಹಿಂಡಿದವರು, ಪೀಪಾಯಿ ತೊಳೆದವರು ಆ ಪದದ ಒಳಗೆ ಬರೋದೇ ಇಲ್ಲ.

6/8
ಬಿಕಾಂ ಫ್ರೆಂಡ್ಸ್, ಇದನ್ನ ಸೇವ್ ಮಾಡ್ಕೊಳ್ಳಿ.
1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡೋ ಕಾಯ್ದೆ ತಂತು. ಕೇಪ್ ಅಷ್ಟೊತ್ತಿಗೆ ಬ್ರಿಟಿಷರ ಕೈಲಿತ್ತು. ಪರಿಹಾರಕ್ಕೆ 2 ಕೋಟಿ ಪೌಂಡ್ ಇಟ್ಟರು. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ! ಒಬ್ಬೊಬ್ಬ ಮನುಷ್ಯನಿಗೂ ಬೆಲೆ ಕಟ್ಟಿ, 'ಆಸ್ತಿ ನಷ್ಟ' ಅಂತ ಹಣ ಕೊಟ್ಟರು. ದುಡಿದವರಿಗೆ ಸೊನ್ನೆ. ಮೇಲಿಂದ ನಾಲ್ಕು ವರ್ಷ 'ಅಪ್ರೆಂಟಿಸ್' ಹೆಸರಲ್ಲಿ ಅದೇ ಯಜಮಾನರ ಹತ್ತಿರ ದುಡೀಬೇಕಿತ್ತು. ನಿಜವಾದ ಬಿಡುಗಡೆ 1838ರ ಡಿಸೆಂಬರ್ 1ಕ್ಕೆ.
ಆ ಪರಿಹಾರಕ್ಕಾಗಿ ಬ್ರಿಟನ್ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಆಗ ನಾವೆಲ್ಲ ಸ್ಕೂಲಲ್ಲಿದ್ವಿ.

7/8
ಆಮೇಲೆ ಇಳಿಜಾರು. 1860ರ ಒಪ್ಪಂದದಿಂದ ಬ್ರಿಟನ್‌ನಲ್ಲಿ ಫ್ರೆಂಚ್ ವೈನ್ ಅಗ್ಗ ಆಯ್ತು, ಕೇಪ್ ವೈನ್‌ಗಿದ್ದ ಸುಂಕದ ರಿಯಾಯಿತಿ ಹೋಯ್ತು. ಬಳ್ಳಿಗೆ ಬೂದಿರೋಗ ಬಂತು. 1885ರಲ್ಲಿ ಗ್ರೂಟ್ ಕಾನ್‌ಸ್ಟಾನ್ಷಿಯಾ ಸರ್ಕಾರದ ಪಾಲಾಯ್ತು. ಅದೇ ಹೊತ್ತಿಗೆ ಬೇರು ತಿನ್ನೋ ಫಿಲಾಕ್ಸೆರಾ ಕೀಟವೂ ಕೇಪ್‌ಗೆ ಬಂತು. ಹಳೇ ಸಿಹಿ ವೈನ್ ಮರೆಯಾಯ್ತು.
ಕೇಪ್‌ನ ಎಷ್ಟೋ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನ ಅಗ್ಗದ ವೈನ್ ರೂಪದಲ್ಲೇ ಕೊಡೋ ಪದ್ಧತಿ ಮಾತ್ರ ಉಳಿದುಕೊಳ್ತು. ಹೆಸರು 'ಡಾಪ್'. ಕಾನೂನು ನಿಷೇಧಿಸಿದ ಮೇಲೂ ಅದು ದಶಕಗಟ್ಟಲೆ ನಡೀತು. ಗರ್ಭದಲ್ಲೇ ಮದ್ಯದಿಂದ ಹಾನಿಗೊಳಗಾಗಿ ಹುಟ್ಟೋ ಮಕ್ಕಳ ಪ್ರಮಾಣ ಆ ಪ್ರಾಂತ್ಯದಲ್ಲಿ ಇಂದಿಗೂ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು.
ಹಳೇ ತೋಟದ ಇನ್ನೊಂದು ತುಂಡಾದ ಕ್ಲೈನ್ ಕಾನ್‌ಸ್ಟಾನ್ಷಿಯಾವನ್ನ 1980ರಲ್ಲಿ ಡಗ್ಗಿ ಯೂಸ್ಟೆ ಕೊಂಡರು. ವೈನ್ ಮೇಕರ್ ರಾಸ್ ಗೋವರ್ 1986ರ ಬೆಳೆಯಿಂದ ಆ ಸಿಹಿ ವೈನನ್ನ ಮತ್ತೆ ಮಾಡಿದರು. ಬಾಟಲಿಯ ಆಕಾರವನ್ನೂ ಹಳೇದರ ಥರವೇ ಮಾಡಿಸಿದರು. ಗ್ರೂಟ್ ಕಾನ್‌ಸ್ಟಾನ್ಷಿಯಾ ಈಗ ಮ್ಯೂಸಿಯಂ ಕೂಡ ಹೌದು. ಗುಲಾಮರ ಬದುಕನ್ನೂ ಅಲ್ಲಿ ತೋರಿಸ್ತಾರೆ.

8/8
ಕೊನೇ ಫೋಟೋ ಕೇಪ್‌ಟೌನಿನದಲ್ಲ. ನಮ್ಮ ಅಜ್ಜನ ಅಡಿಕೆ ತೋಟದ ಲೆಕ್ಕದ ಪುಸ್ತಕ. ಇದನ್ನೆಲ್ಲ ಓದಿದ ಮೇಲೆ ಅಟ್ಟದಿಂದ ಇಳಿಸಿ ನೋಡಿದೆ. ಹಸುವಿನ ಹೆಸರಿದೆ: ಕಪಿಲೆ, ಹಾಲು ಇಷ್ಟು ಸೇರು. ಕೆಲಸದವರ ಕಾಲಂನಲ್ಲಿ ಇರೋದು ಇಷ್ಟೇ: 'ಗಂಡಾಳು 6, ಹೆಣ್ಣಾಳು 4'.
ಇದು ಗುಲಾಮಗಿರಿ ಅಲ್ಲ, ಅಜ್ಜ ಕೂಲಿ ಕೊಟ್ಟಿದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಆದರೆ ಆ ಹತ್ತು ಜನ ಯಾರು ಅಂತ ಅಜ್ಜಿಗೆ ಕೇಳಿದೆ. ಅವರು ಕಣ್ಣು ಮುಚ್ಚಿ ಏಳು ಹೆಸರು ಹೇಳಿದರು. ಮೂರು ನೆನಪಾಗಲಿಲ್ಲ. ಏಳನ್ನೂ ಪೆನ್ಸಿಲಲ್ಲಿ ಆ ಪುಟದ ಅಂಚಿಗೆ ಬರೆದಿದ್ದೀನಿ. ಫೋಟೋದಲ್ಲಿ ಆ ಅಂಚನ್ನ ಬೇಕಂತಲೇ ಮುಚ್ಚಿದ್ದೀನಿ, ಅವರ ಮನೆಯವರು ಇನ್ನೂ ಊರಲ್ಲಿದ್ದಾರೆ.
ನಿಮ್ಮ ಮನೇಲೂ ಇಂಥ ಪುಸ್ತಕ ಇದ್ರೆ ಈ ರಜೆಯಲ್ಲಿ ತೆಗೀರಿ. ಹೆಸರು ನೆನಪಿರೋ ಅಜ್ಜಿ ಇರೋವಾಗಲೇ ಕೇಳಿ.

#ಇತಿಹಾಸ #ಕರಾವಳಿ #ಬಿಕಾಂಹುಡುಗಿ #ಲೆಕ್ಕದಪುಸ್ತಕ