ಕ್ರೆಡಿಟ್ ಕಾರ್ಡ್ ಹೋಲಿಕೆ ವೆಬ್‌ಸೈಟ್‌ಗಳು: ಪಟ್ಟಿಯಲ್ಲಿ ಮೊದಲು ಬಂದದ್ದೇ ಒಳ್ಳೆಯ ಕಾರ್ಡಾ?

ಸೇಲಂ, ಧರ್ಮಪುರಿ ಕಡೆ ವ್ಯಾಪಾರಕ್ಕೋ ಕೆಲಸಕ್ಕೋ ಹೋದವರು, ಅಲ್ಲೇ ತಲೆಮಾರಿನಿಂದ ಇರುವ ಕನ್ನಡದವರು, ಕ್ರೆಡಿಟ್ ಕಾರ್ಡ್ ಬೇಕೆಂದಾಗ ಈಗ ಬ್ಯಾಂಕಿನ ಮೆಟ್ಟಿಲು ಹತ್ತುವುದು ಕಡಿಮೆ. ಮೊಬೈಲಲ್ಲಿ ಹುಡುಕುತ್ತಾರೆ, ಹೋಲಿಕೆ ವೆಬ್‌ಸೈಟ್ ಸಿಗುತ್ತದೆ. ಹತ್ತಾರು ಬ್ಯಾಂಕುಗಳ ಕಾರ್ಡ್‌ಗಳನ್ನು ಒಂದೇ ಪುಟದಲ್ಲಿ ತೋರಿಸುವ ಇಂಥ ತಾಣಗಳಲ್ಲಿ ದೇಶದಲ್ಲಿ ಹೆಚ್ಚು ಪರಿಚಿತವಾದವು ಎರಡು. ಒಂದು, 2008ರಲ್ಲಿ ಶುರುವಾದ ಚೆನ್ನೈ ಮೂಲದ ಬ್ಯಾಂಕ್‌ಬಜಾರ್. ಇನ್ನೊಂದು ಪೈಸಾಬಜಾರ್. ಇದರ ಮಾತೃಸಂಸ್ಥೆ ಪಿಬಿ ಫಿನ್‌ಟೆಕ್ 2021ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು.

ನೋಡುವವರಿಗೆ ಎಲ್ಲವೂ ಫ್ರೀ. ಹಾಗಾದರೆ ತಾಣಕ್ಕೆ ದುಡ್ಡು ಎಲ್ಲಿಂದ? ಬ್ಯಾಂಕಿನಿಂದ. ತಾಣದ ಮೂಲಕ ಅರ್ಜಿ ಹೋಗಿ ಕಾರ್ಡ್ ಮಂಜೂರಾದರೆ ಕಮಿಷನ್ ಸಿಗುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ, ಮಂಡಿಯ ದಲ್ಲಾಳಿಯೂ ಹೀಗೇ ದುಡಿಯುವುದು. ಆದರೆ ದಲ್ಲಾಳಿ ಯಾರ ಕೈಯಿಂದ ಕಮಿಷನ್ ತಗೊಳ್ತಾನೆ ಎಂದು ಗೊತ್ತಿದ್ದವನು ಅವನ ಮಾತನ್ನು ಬೇರೆ ರೀತಿ ಕೇಳುತ್ತಾನೆ. ಕಮಿಷನ್ ಒಪ್ಪಂದ ಇಲ್ಲದ ಬ್ಯಾಂಕಿನ ಕಾರ್ಡನ್ನು ಮೇಲೆ ತೋರಿಸಿದರೆ ತಾಣಕ್ಕೆ ಲಾಭವಿಲ್ಲ. ಕೆಲವು ತಾಣಗಳು ಬ್ಯಾಂಕುಗಳ ಜೊತೆ ಸೇರಿ ತಮ್ಮದೇ ಹೆಸರಿನ ಕಾರ್ಡ್‌ಗಳನ್ನೂ ತಂದಿವೆ. ಯೆಸ್ ಬ್ಯಾಂಕ್ ಜೊತೆಗಿನ ಬ್ಯಾಂಕ್‌ಬಜಾರ್ ಫಿನ್‌ಬೂಸ್ಟರ್ ಅಂಥದ್ದೊಂದು. ತಕ್ಕಡಿ ಹಿಡಿದವನ ಸರಕೂ ತಟ್ಟೆಯಲ್ಲಿದ್ದರೆ ಗಿರಾಕಿ ಸ್ವಲ್ಪ ಬಗ್ಗಿ ನೋಡಬೇಕು.

ಇದು ಬರೀ ಅನುಮಾನವಲ್ಲ. ಅಮೆರಿಕದಲ್ಲಿ ಗ್ರಾಹಕರ ಪರವಾಗಿ ನಿಗಾ ಇಡುವ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಲೆಂಡ್‌ಎಜು ಎಂಬ ಹೋಲಿಕೆ ತಾಣದ ಮೇಲೆ ಕ್ರಮ ಕೈಗೊಂಡಿತು. ನಿಷ್ಪಕ್ಷಪಾತ ಎಂದು ಹೇಳಿಕೊಂಡ ರ್‍ಯಾಂಕಿಂಗ್ ಅಸಲಿಗೆ ಹಣ ಕೊಟ್ಟವರಿಗೆ ಸಿಗುತ್ತಿತ್ತು, ಗ್ರಾಹಕರದ್ದು ಎಂದು ಹಾಕಿದ್ದ ಹೊಗಳಿಕೆಗಳಲ್ಲಿ ಹೆಚ್ಚಿನವು ಸುಳ್ಳು ಎಂಬುದು ಆರೋಪ. 3.5 ಲಕ್ಷ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡರು. 2022ರ ಸೆಪ್ಟೆಂಬರ್‌ನಲ್ಲಿ ಕ್ರೆಡಿಟ್ ಕರ್ಮ ಸರದಿ. 'ಪ್ರಿ-ಅಪ್ರೂವ್ಡ್' ಎಂದು ನಂಬಿಸಿ ಅರ್ಜಿ ಹಾಕಿಸಿದ್ದ ಆಫರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಕಾರ್ಡ್ ನಿರಾಕರಣೆಯಾಗಿತ್ತು. ಅಲ್ಲಿ ಮೊತ್ತ 30 ಲಕ್ಷ ಡಾಲರ್. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಅದರ 13 ಬಗೆಗಳಲ್ಲಿ ಮಾಹಿತಿಯ ವೇಷದಲ್ಲಿ ಬರುವ ಜಾಹೀರಾತೂ ಒಂದು.

ಇನ್ನು ಊರಿನ ಲೆಕ್ಕ. ಬ್ಯಾಂಕುಗಳು ಎಲ್ಲಾ ಕಾರ್ಡನ್ನು ಎಲ್ಲಾ ಪಿನ್‌ಕೋಡ್‌ಗೂ ಕೊಡುವುದಿಲ್ಲ. ಸೇಲಂ ನಗರ 636001, ಧರ್ಮಪುರಿ ಪಟ್ಟಣ 636701. ಎರಡೂ 636ರಲ್ಲೇ ಶುರುವಾದರೂ ಸೇಲಂಗೆ ಸಿಗುವ ಕಾರ್ಡ್ ಪೆನ್ನಾಗರಂ, ಪಾಲಕ್ಕೋಡು ಕಡೆಗೆ ಸಿಗಲೇಬೇಕೆಂದಿಲ್ಲ. 'ಬೆಸ್ಟ್ ಕಾರ್ಡ್' ಪಟ್ಟಿಯಲ್ಲಿ ಏರ್‌ಪೋರ್ಟ್ ಲಾಂಜ್‌ಗೆ ದೊಡ್ಡ ಅಂಕ ಇರುತ್ತದೆ. ಧರ್ಮಪುರಿ ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವೇ ಇಲ್ಲ, ಸೇಲಂನ ಕಮಲಾಪುರಂ ನಿಲ್ದಾಣದಿಂದ ಬೆರಳೆಣಿಕೆಯ ವಿಮಾನಗಳು. ವರ್ಷಕ್ಕೆ ಎಂಟು ಸಲ ಲಾಂಜ್ ಫ್ರೀ ಎಂದರೆ ಅಲ್ಲಿನ ಅಂಗಡಿಯವನಿಗೆ ಏನು ಸಿಕ್ಕಿತು? ಅವನಿಗೆ ಬೇಕಾದ ಪ್ರಶ್ನೆ ಬೇರೆ. ಸೇಲಂನ ಲೀ ಬಜಾರಿನಲ್ಲೋ ಪಾಲಕ್ಕೋಡಿನ ಪೇಟೆಯಲ್ಲೋ ಕಾರ್ಡ್ ಉಜ್ಜುವ ಮೆಷಿನ್ ಇಲ್ಲದ ಕಡೆ ಕ್ಯೂಆರ್‌ನಲ್ಲಿ ಕೊಡಲು ಆಗುತ್ತದಾ? ರುಪೇ ಕ್ರೆಡಿಟ್ ಕಾರ್ಡ್ ಆದರೆ ಯುಪಿಐಗೆ ಜೋಡಿಸಬಹುದು, 2022ರಿಂದ ಈ ಸೌಲಭ್ಯ ಇದೆ. ಅದೂ ಅಂಗಡಿ ಹೆಸರಿನ ಕ್ಯೂಆರ್‌ಗೆ ಮಾತ್ರ, ವ್ಯಕ್ತಿಯ ಖಾತೆಯ ಕ್ಯೂಆರ್‌ಗೆ ಹೋಗುವುದಿಲ್ಲ.

ಹೋಲಿಕೆ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವುದು ರಿವಾರ್ಡ್ ಪಾಯಿಂಟ್ ಮತ್ತು ವಾರ್ಷಿಕ ಶುಲ್ಕ. ಬಡ್ಡಿ ಕೆಳಗೆ ಎಲ್ಲೋ ಇರುತ್ತದೆ, ಅದೂ ತಿಂಗಳ ಲೆಕ್ಕದಲ್ಲಿ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಒಂದು ಲೆಕ್ಕ ನೋಡಿ: 20,000 ರೂ. ಬಿಲ್ಲಿಗೆ 'ಮಿನಿಮಮ್ ಡ್ಯೂ' ಎಂದು 1,000 ರೂ. ಕಟ್ಟಿದರೆ ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿ 665 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ ಸುಮಾರು 120 ರೂ. ಕಟ್ಟಿದ ಸಾವಿರದಲ್ಲಿ 785 ಹೀಗೇ ಹೋಯಿತು. ಸಾಮಾನ್ಯವಾಗಿ ಬಾಕಿ ತೀರುವ ತನಕ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಎಟಿಎಂನಲ್ಲಿ ನಗದು ತೆಗೆದರಂತೂ ಅದೇ ದಿನದಿಂದ ಬಡ್ಡಿ. ಬಡ್ಡಿಯಿಂದ ದೂರ ಇರಬೇಕೆನ್ನುವ ಮನೆಗಳಲ್ಲಿ ಈ ಎರಡು ವಿಷಯ ಮೊದಲು ಗೊತ್ತಿರಬೇಕು. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿದೆ.

ಹಾಗೆಂದು ಈ ತಾಣಗಳನ್ನು ನೋಡಲೇಬಾರದು ಎಂದಲ್ಲ. ಯಾವ ಯಾವ ಕಾರ್ಡ್ ಇದೆ ಎಂದು ತಿಳಿಯಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ. ದರ, ಮಿತಿ, ಷರತ್ತನ್ನು ಮಾತ್ರ ಬ್ಯಾಂಕಿನ ಸ್ವಂತ ಪುಟದಲ್ಲೇ ನೋಡಬೇಕು. ಬ್ಯಾಂಕುಗಳು ಷರತ್ತು ಬದಲಾಯಿಸುತ್ತಾ ಇರುತ್ತವೆ, ಹೋಲಿಕೆ ಪುಟದಲ್ಲಿ ಹಳೆಯದೇ ಉಳಿದಿರಬಹುದು. 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ ಅರ್ಜಿಯ ಜೊತೆ ಬಡ್ಡಿ, ಶುಲ್ಕ ಇರುವ ಒಂದು ಪುಟದ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು. ಷರತ್ತುಗಳು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ಒಳ್ಳೆಯದು ಎಂದೂ ಅದರಲ್ಲಿದೆ. ಸೇಲಂನಲ್ಲಿ ಸ್ಥಳೀಯ ಭಾಷೆ ಎಂದರೆ ತಮಿಳು. ಅಲ್ಲಿನ ಕನ್ನಡಿಗರಲ್ಲಿ ತಮಿಳು ಮಾತಾಡಿದರೂ ಓದಲು ಬಾರದವರು ಯಾರಿಂದಾದರೂ ಓದಿಸಿಕೊಂಡೇ ಒಪ್ಪಿಗೆಯ ಒಟಿಪಿ ಕೊಡಬೇಕು.

ಅರ್ಜಿ ಹಾಕುವಾಗ ಇನ್ನೊಂದು ಎಚ್ಚರ. 'ಅರ್ಹತೆ ನೋಡಿ' ಎಂದು ಮೊಬೈಲ್, ಪ್ಯಾನ್ ನಂಬರ್ ಕೊಟ್ಟ ಮೇಲೆ ಫೋನ್ ನಿಲ್ಲದೆ ಬರಬಹುದು. 1909ಕ್ಕೆ ದೂರು ಕೊಡಬಹುದು, ಆದರೆ ಪುಟದಲ್ಲಿ ಒಪ್ಪಿಗೆಯ ಟಿಕ್ ಹಾಕಿದವನ ದೂರು ಗಟ್ಟಿಯಾಗಿ ನಿಲ್ಲುವುದು ಕಷ್ಟ. ಸ್ವಂತ ಸ್ಕೋರ್ ನೋಡಿಕೊಂಡರೆ ಅದು ಇಳಿಯುವುದಿಲ್ಲ. ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹೋದರೆ ನಾಲ್ಕೂ ವಿಚಾರಣೆ ದಾಖಲಾಗಿ ಸ್ಕೋರ್ ಇಳಿಯಬಹುದು. ಸ್ಕೋರ್ ನೋಡಲು ಹೋಲಿಕೆ ತಾಣವೇ ಬೇಕೆಂದಿಲ್ಲ, ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು.

ತಾಣದಲ್ಲಿ ಹೇಳಿದ್ದು ಒಂದು, ಕಾರ್ಡಿನಲ್ಲಿ ಬಂದದ್ದು ಇನ್ನೊಂದು ಆದರೆ ಯಾರಿಗೆ ಹೇಳುವುದು? ಕಾರ್ಡ್ ಕೊಟ್ಟದ್ದು ಬ್ಯಾಂಕ್, ಹಾಗಾಗಿ ಮೊದಲ ದೂರು ಬ್ಯಾಂಕಿಗೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ತಾಣದ ಸುಳ್ಳು ಜಾಹೀರಾತಿನ ಮೇಲಾದರೆ ಗ್ರಾಹಕ ಸಹಾಯವಾಣಿ 1915. ತಾಣದ ಹೆಸರು ಹೇಳಿ ಯಾರೋ ದುಡ್ಡು ಹೊಡೆದಿದ್ದರೆ ತಡಮಾಡದೆ 1930. ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಈ ಎಲ್ಲಾ ಕಡೆ ಉಪಯೋಗಕ್ಕೆ ಬರುತ್ತದೆ. ಕಾರ್ಡೇ ಬೇಡ ಎನಿಸಿದರೆ ಬಾಕಿ ತೀರಿಸಿ ಮುಚ್ಚಲು ಕೇಳಬಹುದು. 7 ಕೆಲಸದ ದಿನದೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ ಬ್ಯಾಂಕ್ ಗ್ರಾಹಕನಿಗೆ 500 ರೂ. ಕೊಡಬೇಕು.