ಕಾಕಡು: ಗಣಿ, ಪ್ರವಾಸಿಗರು ಮತ್ತು ನೆಲದ ಒಡೆಯರು

ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ, ಡಾರ್ವಿನ್ ನಗರದ ಪೂರ್ವಕ್ಕೆ, ಸುಮಾರು 20,000 ಚದರ ಕಿಲೋಮೀಟರ್ ಹರಡಿದೆ ಕಾಕಡು ರಾಷ್ಟ್ರೀಯ ಉದ್ಯಾನ. ಮಳೆಗಾಲದಲ್ಲಿ ಕಡಲಿನಂತಾಗುವ ಬಯಲು, ಮೊಸಳೆಗಳ ನದಿಗಳು, ಮರಳುಗಲ್ಲಿನ ಬಂಡೆಸಾಲು, ಬಂಡೆಗಳ ಮೇಲೆ ಪ್ರಾಚೀನ ಚಿತ್ರಗಳು. ಇಲ್ಲಿನ ಮೂಲನಿವಾಸಿಗಳಿಗೂ ನಮ್ಮಂತೆ ವರ್ಷಕ್ಕೆ ಆರು ಋತು. ಮಜೆಡ್‌ಬೆಬೆ ಎಂಬ ಬಂಡೆಯಾಸರೆಯಲ್ಲಿ ಸುಮಾರು 65,000 ವರ್ಷಗಳ ಹಿಂದೆಯೇ ಮನುಷ್ಯರಿದ್ದರೆಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು. ಆ ಜಾಗವೂ ಆಗ ಯುರೇನಿಯಂ ಗುತ್ತಿಗೆಯೊಂದರ ಗಡಿಯೊಳಗಿತ್ತು.

ಉದ್ಯಾನ ಮತ್ತು ಗಣಿ, ಒಟ್ಟಿಗೇ ಹುಟ್ಟಿದ್ದು

1970ರ ಆಸುಪಾಸಿನಲ್ಲಿ ರೇಂಜರ್, ಜಬಿಲುಕ, ಕೂಂಗಾರ ಎಂಬ ಮೂರು ಕಡೆ ಯುರೇನಿಯಂ ಪತ್ತೆಯಾಯಿತು. ಸರ್ಕಾರ ನೇಮಿಸಿದ ಫಾಕ್ಸ್ ವಿಚಾರಣಾ ಆಯೋಗ 1977ರಲ್ಲಿ ಕೊಟ್ಟ ಅಂತಿಮ ವರದಿ ಎಲ್ಲರಿಗೂ ಒಂದೊಂದು ಪಾಲು ಹಂಚಿತು: ಮೂಲನಿವಾಸಿಗಳಿಗೆ ಭೂಮಿಯ ಒಡೆತನ, ದೇಶಕ್ಕೆ ಉದ್ಯಾನ, ಕಂಪನಿಗೆ ಗಣಿ. ಸ್ಥಳೀಯರು ಗಣಿಗೆ ವಿರುದ್ಧವಾಗಿದ್ದಾರೆ ಎಂದು ಒಪ್ಪಿಕೊಂಡ ಆಯೋಗವೇ, ಆ ವಿರೋಧ ಮೇಲುಗೈ ಪಡೆಯಬಾರದು ಎಂದೂ ಬರೆಯಿತು. 1976ರ ಭೂಹಕ್ಕು ಕಾಯ್ದೆ ನೆಲದ ಒಡೆಯರಿಗೆ ಗಣಿ ಬೇಡವೆನ್ನುವ ಹಕ್ಕು ಕೊಟ್ಟಿತ್ತು. ರೇಂಜರ್ ಗಣಿಯನ್ನು ಮಾತ್ರ ಅದೇ ಕಾಯ್ದೆ ಆ ಹಕ್ಕಿನಿಂದ ಹೊರಗಿಟ್ಟಿತ್ತು. ಇದನ್ನು ಸಮತೋಲನ ಎನ್ನುವುದು ಕಷ್ಟ.

1979ರಲ್ಲಿ ಉದ್ಯಾನ ಘೋಷಣೆಯಾಯಿತು, 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ರೇಂಜರ್‌ನಲ್ಲಿ ಅದಿರು ಸಂಸ್ಕರಣೆ ಶುರುವಾದದ್ದೂ 1981ರಲ್ಲೇ. ಮೂರೂ ಗುತ್ತಿಗೆ ಪ್ರದೇಶಗಳು ಸುತ್ತಲೂ ಉದ್ಯಾನವಿದ್ದರೂ ನಕ್ಷೆಯಲ್ಲಿ ಆಗ ಉದ್ಯಾನದ ಭಾಗವಾಗಿರಲಿಲ್ಲ.

ಜಬಿಲುಕ

ಈ ನೆಲ ಮಿರಾರ್ ಕುಲದವರದು. 1982ರಲ್ಲಿ ಅವರ ಹಿರಿಯರಿಂದ ಜಬಿಲುಕ ಒಪ್ಪಂದಕ್ಕೆ ಒಪ್ಪಿಗೆ ಪಡೆಯಲಾಗಿತ್ತು. ಅದು ಒತ್ತಡದಿಂದ ಪಡೆದದ್ದು ಎಂಬುದು ಮಿರಾರ್ ಜನರ ವಾದ. 1996ರಲ್ಲಿ ಹೊಸ ಸರ್ಕಾರ ದೇಶದ ಯುರೇನಿಯಂ ಗಣಿಗಳ ಸಂಖ್ಯೆಯ ಮೇಲಿದ್ದ ಮಿತಿಯನ್ನು ತೆಗೆದಾಗ ಆ ಹಳೆಯ ಕಾಗದಕ್ಕೆ ಜೀವ ಬಂತು. 1998ರಲ್ಲಿ ಸುರಂಗ ಕೆಲಸ ಆರಂಭವಾಗುವ ಹೊತ್ತಿಗೆ ದೇಶದ ಮೂಲೆಮೂಲೆಯಿಂದ ಜನ ಬಂದು ತಿಂಗಳುಗಟ್ಟಲೆ ದಾರಿ ತಡೆದರು. ಮಿರಾರ್ ಹಿರಿಯೆ ಇವಾನ್ ಮಾರ್ಗರೂಲಾ ಅವರನ್ನು ಅತಿಕ್ರಮ ಪ್ರವೇಶದ ಆರೋಪದಲ್ಲಿ ಬಂಧಿಸಲಾಯಿತು, ಅದೂ ಅವರದೇ ನೆಲದಲ್ಲಿ! ಮರುವರ್ಷ ಅವರಿಗೂ ಜಾಕಿ ಕಟೋನಾ ಅವರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಕೊನೆಗೆ ಕಂಪನಿ ಸುರಂಗವನ್ನು ಮಣ್ಣುಕಲ್ಲಿನಿಂದ ಮುಚ್ಚಿತು. ಮಿರಾರ್ ಒಪ್ಪದೆ ಗಣಿ ಇಲ್ಲ ಎಂಬ ಕರಾರು 2005ರಲ್ಲಿ ಆಯಿತು. ಗುತ್ತಿಗೆಯನ್ನು ನವೀಕರಿಸುವುದಿಲ್ಲ ಎಂದು ಸರ್ಕಾರ ಹೇಳಿದ್ದು 2024ರಲ್ಲಿ. ಕೂಂಗಾರದ ಕಥೆ ಇನ್ನೂ ಚಿಕ್ಕದು: ಜೋಕ್ ಕುಲದ ಜೆಫ್ರಿ ಲೀ ಗಣಿಯ ಹಣವನ್ನು ನಿರಾಕರಿಸಿ, ಆ ಜಾಗವನ್ನು ಉದ್ಯಾನಕ್ಕೆ ಸೇರಿಸುವಂತೆ ಕೇಳಿಕೊಂಡರು. 2013ರಲ್ಲಿ ಅದು ಸೇರಿತು.

ಪ್ರವಾಸೋದ್ಯಮ ನಿರುಪದ್ರವಿಯೇ?

ಗಣಿಗೆ ಪರ್ಯಾಯ ಪ್ರವಾಸೋದ್ಯಮ ಎಂದು ಹೇಳುವುದು ರೂಢಿ. ಕಾಕಡುವಿನಲ್ಲಿ ಎರಡೂ ಬೆಸೆದುಕೊಂಡೇ ಬೆಳೆದವು. ಜಬಿರು ಪಟ್ಟಣವನ್ನು ಕಟ್ಟಿದ್ದೇ ಗಣಿ ಕಾರ್ಮಿಕರಿಗಾಗಿ. ಅಲ್ಲಿರುವ ಮೊಸಳೆಯಾಕಾರದ ಹೋಟೆಲಿನಲ್ಲಿ ಮೂಲನಿವಾಸಿಗಳ ಗಗುಜು ಸಂಘ ತೊಡಗಿಸಿದ್ದು ಯುರೇನಿಯಂ ರಾಜಧನದ ಹಣ.

ಉದ್ಯಾನದ ಆಡಳಿತ ಮಂಡಳಿಯಲ್ಲಿ ಮೂಲನಿವಾಸಿಗಳೇ ಬಹುಸಂಖ್ಯಾತರು, ಭೂಮಿಯ ಬಹುಪಾಲು ಅವರದೇ. ಅದನ್ನು ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಆದರೂ ಗುನ್ಲೋಮ್ ಜಲಪಾತದ ಬಳಿ ಪವಿತ್ರ ತಾಣಕ್ಕೆ ತೀರಾ ಹತ್ತಿರದಲ್ಲಿ ಪ್ರವಾಸಿಗರಿಗೆಂದು ಕಾಲುದಾರಿ ಮಾಡಲಾಯಿತು. 2019ರಲ್ಲಿ ಸ್ಥಳ ಮುಚ್ಚಿತು, ಪ್ರಕರಣ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. ಇಲ್ಲಿ ತಪ್ಪು ಮಾಡಿದ್ದು ಗಣಿ ಕಂಪನಿಯಲ್ಲ, ಉದ್ಯಾನದ ಆಡಳಿತ.

ಗಣಿ ಮುಚ್ಚಿದ ಮೇಲೆ

2021ರ ಜನವರಿಯಲ್ಲಿ ರೇಂಜರ್‌ನ ಸಂಸ್ಕರಣೆ ನಿಂತಿತು. ಅದೇ ವರ್ಷ ಜಬಿರು ಪಟ್ಟಣದ ಭೂಮಿ ಮಿರಾರ್ ಜನರ ಕೈಗೆ ಮರಳಿತು, ಅವರು ಅದನ್ನು ಪ್ರವಾಸಿ ಪಟ್ಟಣವಾಗಿಸಲು ಹೊರಟಿದ್ದಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಗಣಿ ಗುಂಡಿಗಳನ್ನು ತುಂಬುವ ಕೆಲಸ. ಅದಿರು ಅರೆದು ಉಳಿದ ವಿಕಿರಣಶೀಲ ಕೆಸರನ್ನು 10,000 ವರ್ಷ ಪರಿಸರಕ್ಕೆ ಸೋರದಂತೆ ಇಡಬೇಕೆಂಬುದು ಷರತ್ತು. ಪುನಃಸ್ಥಾಪನೆಗೆ ಮೊದಲು ಹಾಕಿಕೊಂಡಿದ್ದ ಗಡುವು 2026ರ ಜನವರಿ. ಕೆಲಸ ಅಷ್ಟರೊಳಗೆ ಮುಗಿಯದೆಂದು ತಿಳಿದು ಕಾನೂನನ್ನೇ ತಿದ್ದಬೇಕಾಯಿತು.