ಬೈಬಲ್ ಮತ್ತು ಇತಿಹಾಸ: ಸಂತ ಲೂಕರನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬೈಬಲ್ ನಿಜವಾದ ಇತಿಹಾಸವೇ ಎಂಬ ಪ್ರಶ್ನೆಯನ್ನು ನಮ್ಮ ಧರ್ಮಕೇಂದ್ರಗಳ ಯುವಜನರು ಮತ್ತೆ ಮತ್ತೆ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು. ಬೈಬಲಿನ ಪ್ರತಿಯೊಂದು ಮಾತನ್ನೂ ಉತ್ಖನನಗಳು ರುಜುವಾತುಪಡಿಸಿವೆ ಎಂಬುದು ಒಂದು. ಅದೆಲ್ಲ ಬರೀ ಕಟ್ಟುಕಥೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಆದರೆ ಮೊದಲನೆಯದೇ ಹೆಚ್ಚು ಅಪಾಯಕಾರಿ ಎಂದು ನಮ್ಮ ಅನಿಸಿಕೆ. ಅದನ್ನು ನಂಬಿ ಬೆಳೆದವರಿಗೆ ಕಾಲೇಜಿನಲ್ಲಿ ಯಾರಾದರೂ ಒಂದೇ ಒಂದು ತಪ್ಪನ್ನು ತೋರಿಸಿಕೊಟ್ಟರೆ ಸಾಕು, ಆ ತಪ್ಪಿನ ಜೊತೆಗೆ ವಿಶ್ವಾಸವನ್ನೂ ಕೈಬಿಡುತ್ತಾರೆ.

ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ. ಕೀರ್ತನೆ, ಕಾನೂನು, ವಂಶಾವಳಿ, ಸಾಮತಿ, ಪತ್ರ, ದರ್ಶನ ಎಲ್ಲವೂ ಅದರೊಳಗೆ ಸೇರಿವೆ. ಇವೆಲ್ಲಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು. ಆದ್ದರಿಂದ ಇತಿಹಾಸಕಾರನ ರೀತಿಯಲ್ಲಿ ಬರೆಯುವುದಾಗಿ ತಾವೇ ಹೇಳಿಕೊಂಡ ಒಬ್ಬರನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಳ್ಳೋಣ. ಸಂತ ಲೂಕರು ತಮ್ಮ ಶುಭಸಂದೇಶದ ಆರಂಭದ ನಾಲ್ಕು ವಚನಗಳಲ್ಲಿ ಥೆಯೋಫಿಲನಿಗೆ ತಮ್ಮ ವಿಧಾನವನ್ನು ತಿಳಿಸುತ್ತಾರೆ. ತಮಗಿಂತ ಮೊದಲು ಹಲವರು ಬರೆದಿದ್ದಾರೆ, ವಿಷಯ ಬಂದದ್ದು ಕಣ್ಣಾರೆ ಕಂಡವರಿಂದ, ತಾವು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇವೆ ಎನ್ನುತ್ತಾರೆ. ತಾವೇ ಕಣ್ಣಾರೆ ಕಂಡೆವೆಂದು ಅವರು ಹೇಳಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಅವರ ಎರಡನೆಯ ಗ್ರಂಥವಾದ ‘ಪ್ರೇಷಿತರ ಕಾರ್ಯಕಲಾಪಗಳು’ ಪರೀಕ್ಷೆಗೆ ಅನುಕೂಲವಾದದ್ದು. ರೋಮ್ ಸಾಮ್ರಾಜ್ಯದಲ್ಲಿ ಊರಿಗೊಂದು ಬಗೆಯ ಆಡಳಿತವಿತ್ತು, ಅಧಿಕಾರಿಗಳ ಹುದ್ದೆಯ ಹೆಸರುಗಳೂ ಬೇರೆ ಬೇರೆ. ಹದಿನೇಳನೆಯ ಅಧ್ಯಾಯದಲ್ಲಿ ಥೆಸಲೋನಿಕದ ನಗರಾಧಿಕಾರಿಗಳನ್ನು ಲೂಕರು ‘ಪೊಲಿಟಾರ್ಕ್’ ಎಂದು ಕರೆಯುತ್ತಾರೆ. ಇತರ ಗ್ರೀಕ್ ಸಾಹಿತ್ಯದಲ್ಲಿ ಈ ಹೆಸರು ಸಿಗದ ಕಾರಣ ಇದು ಅವರ ತಪ್ಪೆಂದು ಕೆಲವರು ಭಾವಿಸಿದ್ದುಂಟು. ಆದರೆ ಅದೇ ನಗರದಲ್ಲಿ 1876ರಲ್ಲಿ ಕೆಡವಲಾದ ವಾರ್ದಾರ್ ಬಾಗಿಲಿನ ಶಾಸನದಲ್ಲಿ ಆ ಹುದ್ದೆಯ ಹೆಸರು ಸ್ಪಷ್ಟವಾಗಿದೆ. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮಕೆದೋನಿಯ ಪ್ರಾಂತ್ಯದಲ್ಲಿ ಅಂಥ ಶಾಸನಗಳು ಆಮೇಲೆ ಇನ್ನೂ ಅನೇಕ ದೊರೆತಿವೆ. ದೂರದಲ್ಲಿ ಕುಳಿತು ಕಥೆ ಹೆಣೆಯುವವನಿಗೆ ಇಂಥ ಸ್ಥಳೀಯ ಪದ ಹೊಳೆಯುವುದು ಕಷ್ಟ.

ಮುಂದಿನ ಅಧ್ಯಾಯದಲ್ಲಿ ಸಂತ ಪೌಲರನ್ನು ಕೊರಿಂಥದಲ್ಲಿ ಗಲ್ಲಿಯೋ ಎಂಬ ಪ್ರೊಕಾನ್ಸಲನ ಮುಂದೆ ನಿಲ್ಲಿಸುತ್ತಾರೆ. ಈತ ತತ್ವಜ್ಞಾನಿ ಸೆನೆಕಾನ ಅಣ್ಣ. ಗ್ರೀಸಿನ ಡೆಲ್ಫಿಯಲ್ಲಿ ದೊರೆತು 1905ರಲ್ಲಿ ಪ್ರಕಟವಾದ ಶಾಸನದ ತುಂಡುಗಳಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಪತ್ರವೊಂದಿದೆ. ಅದರಲ್ಲಿ ಗಲ್ಲಿಯೋನ ಹೆಸರೂ ಹುದ್ದೆಯೂ ಇವೆ. ಕಾಲ ಸುಮಾರು ಕ್ರಿ.ಶ. 51-52. ಪೌಲರ ಜೀವನದ ಕಾಲಾನುಕ್ರಮಣಿಕೆಗೆ ಇದೇ ಆಧಾರಗೂಟ.

ಪಿಲಾತನ ಕಲ್ಲಿನ ಬಗ್ಗೆ ಪ್ರಬೋಧನೆಗಳಲ್ಲಿ ಎಲ್ಲರೂ ಕೇಳಿರುತ್ತಾರೆ. 1961ರಲ್ಲಿ ಸಮುದ್ರತೀರದ ಕೈಸರೇಯದ ಹಳೆಯ ರಂಗಮಂದಿರದಲ್ಲಿ ಇಟಲಿಯ ಪುರಾತತ್ವಜ್ಞರಿಗೆ ದೊರೆತ ಕಲ್ಲದು. ಪೊಂತಿಯ ಪಿಲಾತ ಜುದೇಯದ ಪ್ರಿಫೆಕ್ಟ್ ಎಂದು ಅದು ಹೇಳುತ್ತದೆ. ಅದಕ್ಕೂ ಮೊದಲು ಪಿಲಾತನೆಂಬವನೇ ಇರಲಿಲ್ಲವೆಂದು ವಿದ್ವಾಂಸರು ಹೇಳುತ್ತಿದ್ದರು ಎಂದು ನಮ್ಮಲ್ಲಿ ಕೆಲವರು ಸೇರಿಸುವುದುಂಟು. ಇದು ಬೇಡದ ಉತ್ಪ್ರೇಕ್ಷೆ. ಫಿಲೋ, ಜೋಸೆಫಸ್, ಟಾಸಿಟಸ್ ಮೂವರೂ ಆತನ ಹೆಸರನ್ನು ಬರೆದಿಟ್ಟಿದ್ದಾರೆ. ಅಲ್ಲದೆ, ಪಿಲಾತ ಇದ್ದನೆಂದು ಕಲ್ಲು ಹೇಳಬಹುದು, ಆತ ಶಿಲುಬೆಗೆ ಒಪ್ಪಿಸಿದವರು ದೇವಪುತ್ರರೆಂದು ಯಾವ ಕಲ್ಲೂ ಹೇಳಲಾರದು.

ಈಗ ಕಷ್ಟದ ಭಾಗಕ್ಕೆ ಬರೋಣ. ಕ್ರಿಸ್ಮಸ್ ರಾತ್ರಿ ನಾವು ಓದುವ ಎರಡನೆಯ ಅಧ್ಯಾಯದಲ್ಲಿ, ಕುರೇನಿಯನು ಸಿರಿಯದ ರಾಜ್ಯಪಾಲನಾಗಿದ್ದಾಗ ನಡೆದ ಜನಗಣತಿಗಾಗಿ ಜೋಸೆಫರೂ ಮರಿಯಮ್ಮನವರೂ ಬೆತ್ಲೆಹೇಮಿಗೆ ಹೋಗುತ್ತಾರೆ. ಜೋಸೆಫಸ್ ಬರೆದಿರುವಂತೆ ಆ ಗಣತಿ ನಡೆದದ್ದು ಅರ್ಕೆಲಾವನನ್ನು ಗಡೀಪಾರು ಮಾಡಿದ ಮೇಲೆ, ಅಂದರೆ ಕ್ರಿ.ಶ. 6ರಲ್ಲಿ. ಆದರೆ ಮತ್ತಾಯರ ಪ್ರಕಾರ ಯೇಸು ಜನಿಸಿದ್ದು ಹೆರೋದರಸನ ಕಾಲದಲ್ಲಿ. ಲೂಕರ ಮೊದಲ ಅಧ್ಯಾಯವೂ ಅದನ್ನೇ ಸೂಚಿಸುತ್ತದೆ. ಹೆರೋದನು ಸತ್ತದ್ದು ಹೆಚ್ಚಿನ ಇತಿಹಾಸಕಾರರ ಲೆಕ್ಕದಲ್ಲಿ ಕ್ರಿ.ಪೂ. 4. ನಡುವೆ ಸುಮಾರು ಹತ್ತು ವರ್ಷಗಳ ಅಂತರ. ಕುರೇನಿಯನು ಮೊದಲೊಮ್ಮೆಯೂ ರಾಜ್ಯಪಾಲನಾಗಿದ್ದಿರಬೇಕು ಎಂದು ಕೆಲವರು ಊಹಿಸಿದರು. ಆದರೆ ಹೆರೋದನ ಕೊನೆಯ ವರ್ಷಗಳಲ್ಲಿ ಆ ಹುದ್ದೆಯಲ್ಲಿದ್ದವರು ಸತುರ್ನೀನಸ್ ಮತ್ತು ವಾರಸ್. ಗ್ರೀಕ್ ವಾಕ್ಯವನ್ನು ‘ಕುರೇನಿಯನಿಗಿಂತ ಮೊದಲಿನ ಗಣತಿ’ ಎಂದು ಓದುವವರಿದ್ದಾರೆ. ವಾಕ್ಯರಚನೆ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಕಥೋಲಿಕ ಗುರುವೂ ಬೈಬಲ್ ವಿದ್ವಾಂಸರೂ ಆಗಿದ್ದ ರೇಮಂಡ್ ಬ್ರೌನ್ 1977ರ ತಮ್ಮ ದೊಡ್ಡ ಗ್ರಂಥದಲ್ಲಿ ಎಲ್ಲ ಸಮಾಧಾನಗಳನ್ನೂ ತೂಗಿ ನೋಡಿ, ಲೂಕರ ಕಾಲನಿರ್ದೇಶ ಇಲ್ಲಿ ನಿಖರವಾಗಿಲ್ಲವೆಂಬ ಅಭಿಪ್ರಾಯಕ್ಕೆ ಬಂದರು. ನಮಗೂ ಅದೇ ಹೆಚ್ಚು ಸರಿಯೆನಿಸುತ್ತದೆ.

ಹೀಗೆ ಹೇಳುವುದು ಧರ್ಮಸಭೆಯ ಬೋಧನೆಗೆ ವಿರುದ್ಧವಲ್ಲವೇ? ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲೇ ಈ ಚರ್ಚೆ ನಡೆದಿದೆ. 1964ರ ಅಕ್ಟೋಬರ್ 2ರಂದು ವಿಯೆನ್ನಾದ ಕಾರ್ಡಿನಲ್ ಫ್ರಾನ್ಸ್ ಕೋನಿಗ್ ಎದ್ದು ನಿಂತು, ಬೈಬಲಿನ ಐತಿಹಾಸಿಕ ವಿವರಗಳು ಕೆಲವೆಡೆ ನಿಜದಿಂದ ದೂರವಾಗಿವೆ ಎಂದು ಉದಾಹರಣೆ ಸಹಿತ ತೋರಿಸಿದರು. ದಾವೀದನು ದೇವಾಲಯದ ರೊಟ್ಟಿಯನ್ನು ತಿಂದಾಗ ಮಾರ್ಕರ ಪ್ರಕಾರ ಪ್ರಧಾನಯಾಜಕ ಅಬಿಯಾತಾರ, ಸಮುವೇಲನ ಮೊದಲ ಗ್ರಂಥದ ಪ್ರಕಾರ ಯಾಜಕ ಅಹಿಮೆಲೆಕ. 1965ರ ನವೆಂಬರ್ 18ರಂದು ಹೊರಬಂದ ‘ದೇಯಿ ವೆರ್ಬುಮ್’ ದಾಖಲೆಯ 11ನೆಯ ಪರಿಚ್ಛೇದ, ನಮ್ಮ ಉದ್ಧಾರಕ್ಕಾಗಿ ದೇವರು ಬರೆಸಬಯಸಿದ ಸತ್ಯವನ್ನು ಪವಿತ್ರ ಗ್ರಂಥವು ತಪ್ಪಿಲ್ಲದೆ ಬೋಧಿಸುತ್ತದೆ ಎನ್ನುತ್ತದೆ. ಹಾಗೆಂದು ಮಹಾಸಭೆ ಇತಿಹಾಸವನ್ನು ಕೈಬಿಡಲಿಲ್ಲ. ನಾಲ್ಕು ಶುಭಸಂದೇಶಗಳ ಐತಿಹಾಸಿಕತೆಯನ್ನು 19ನೆಯ ಪರಿಚ್ಛೇದ ಖಚಿತವಾಗಿ ಎತ್ತಿ ಹಿಡಿಯುತ್ತದೆ.

ಲೂಕರು ಬರೆದದ್ದೇ ನಮ್ಮ ಕೈಸೇರಿದೆಯೇ ಎಂಬುದು ಬೇರೆ ಪ್ರಶ್ನೆ. ಅವರ ಶುಭಸಂದೇಶದ ಬಹುಭಾಗವಿರುವ ಒಂದು ಪಪೈರಸ್ ಪ್ರತಿಯನ್ನು 2007ರ ಜನವರಿಯಲ್ಲಿ ಪೋಪ್ 16ನೇ ಬೆನೆಡಿಕ್ಟರಿಗೆ ಅರ್ಪಿಸಲಾಯಿತು. ಅದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಸಾಮಾನ್ಯವಾಗಿ ಮೂರನೆಯ ಶತಮಾನದ್ದೆಂದು ಎಣಿಸಲಾಗುವ ಈ ಪ್ರತಿಯ ಪಾಠ ನಾಲ್ಕನೆಯ ಶತಮಾನದ ವ್ಯಾಟಿಕನ್ ಪ್ರತಿಗೆ ತೀರ ಹತ್ತಿರವಾಗಿದೆ. ವ್ಯತ್ಯಾಸಗಳೂ ಇವೆ. ಜಪಸರದ ದುಃಖದ ರಹಸ್ಯದಲ್ಲಿ ನಾವು ಧ್ಯಾನಿಸುವ ರಕ್ತದ ಬೆವರಿನ ವಚನಗಳು ಈ ಎರಡು ಪ್ರತಿಗಳಲ್ಲಿ ಇಲ್ಲ. ಇತರ ಹಲವು ಪ್ರತಿಗಳಲ್ಲಿವೆ. ಧರ್ಮಸಭೆ ಅವನ್ನು ಪವಿತ್ರ ಗ್ರಂಥವೆಂದೇ ಓದುತ್ತದೆ.

ಹಾಗಾದರೆ ಪುನರುತ್ಥಾನ? ಅದರ ಲಿಖಿತ ಸಾಕ್ಷ್ಯ ಲೂಕರಿಗಿಂತ ಹಳೆಯದು. ಡೆಲ್ಫಿಯ ಕಲ್ಲಿನ ಲೆಕ್ಕ ಹಿಡಿದರೆ ಪೌಲರು ಕೊರಿಂಥದಲ್ಲಿ ಬೋಧಿಸಿದ್ದು ಕ್ರಿ.ಶ. 50ರ ಆಸುಪಾಸು, ಆ ಸಭೆಗೆ ಮೊದಲ ಪತ್ರ ಬರೆದದ್ದು ಕೆಲವೇ ವರ್ಷಗಳ ನಂತರ. ಕ್ರಿಸ್ತರು ಮೃತರಾಗಿ, ಹೂಣಲ್ಪಟ್ಟು, ಪುನರುತ್ಥಾನ ಹೊಂದಿ, ಕೇಫನಿಗೂ ಇತರರಿಗೂ ಕಾಣಿಸಿಕೊಂಡರೆಂಬುದನ್ನು ತಾವು ಇತರರಿಂದ ಪಡೆದು ಒಪ್ಪಿಸಿದ್ದಾಗಿ ಅದರ 15ನೆಯ ಅಧ್ಯಾಯದಲ್ಲಿ ಅವರು ನೆನಪಿಸುತ್ತಾರೆ. ಪ್ರಭುವನ್ನು ಒಟ್ಟಿಗೆ ಕಂಡ ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಇನ್ನೂ ಬದುಕಿದ್ದಾರೆಂದೂ ಬರೆಯುತ್ತಾರೆ. ಆಗ ಶಿಲುಬೆಯ ಘಟನೆ ನಡೆದು ಇಪ್ಪತ್ತೈದು ವರ್ಷಗಳೂ ಆಗಿರಲಿಲ್ಲ.